ಪೆಟ್ಟಿಗೆ ಏಳದ ದಿನ

ನಮ್ಮೂರಿನಲ್ಲಿ ದೀಪ ಒಂದು ಸಲ ಮಿಣುಕಿದರೆ ಸಾಕು, ಜನ ಕೈಗೆ ಸಿಕ್ಕ ಡಬ್ಬಿ ಡಬರಿಗಳ ಮುಚ್ಚಳವನ್ನೆಲ್ಲ ಪಟಪಟನೆ ತೆಗೆದಿಟ್ಟುಬಿಡುತ್ತಾರೆ. ಕರೆಂಟು ಪೂರ್ತಿ ಹೋದ ಮೇಲೆ ತೆರೆದದ್ದು ತೆರೆದ ಹಾಗೆ, ಮುಚ್ಚಿದ್ದು ಮುಚ್ಚಿದ ಹಾಗೆ, ಪೆಟ್ಟಿಗೆ ಮತ್ತೆ ಏಳುವವರೆಗೂ. ಬೇರೆ ಊರಿನಿಂದ ಬಂದ ಬೀಗರು ಇದನ್ನು ನೋಡಿ ಹೌಹಾರುತ್ತಾರೆ. ಊಟದ ನಡುವೆ ಮನೆಯವರೆಲ್ಲ ಎದ್ದು ಅಡುಗೆಮನೆಗೆ ನುಗ್ಗಿ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಹಲ್ಲುಪುಡಿ ಡಬ್ಬಿ ಎಲ್ಲವನ್ನೂ ಬಾಯಿ ತೆರೆಸಿ ಸಾಲಾಗಿ ಇಟ್ಟು, ಏನೂ ಆಗದವರಂತೆ ಬಂದು ಮತ್ತೆ ಎಲೆಯ ಮುಂದೆ ಕೂತರೆ ಯಾರಿಗೆ ಗಾಬರಿಯಾಗುವುದಿಲ್ಲ ಹೇಳಿ.

ಪೆಟ್ಟಿಗೆ ಅಂದರೆ ದೊಡ್ಡದೇನಲ್ಲ. ಅಂಗೈ ಅಗಲ, ಎರಡು ಬೆರಳು ದಪ್ಪ. ಪುರಸಭೆಯ ಹಿಂದಿನ ಕೋಣೆಯ ಗೂಡಿನಲ್ಲಿ ಕೂತಿರುತ್ತದೆ. ಪಕ್ಕದಲ್ಲಿ ಒಂದು ಪುಟ್ಟ ಪರದೆ, ಎರಡು ಗುಂಡಿ. ಊರಿನ ಪ್ರತಿಯೊಂದು ಬಾಗಿಲು, ನಲ್ಲಿ, ಬೀರು, ಡಬ್ಬಿಗೂ ಅದರೊಳಗೆ ಒಂದೊಂದು ಫೈಲು. ಪ್ರತಿ ಫೈಲಿಗೂ ಒಂದು ಚೀಟಿ. ಇದನ್ನು ಇಂಥವರು ತೆರೆಯಬಹುದು, ಇಂಥವರು ಮುಟ್ಟುವ ಹಾಗಿಲ್ಲ ಎಂದು ಆ ಚೀಟಿ ಹೇಳುತ್ತದೆ. ಕರೆಂಟು ಹೋದರೆ ಚೀಟಿಗಳೆಲ್ಲ ಉದುರಿಹೋಗುತ್ತವೆ. ಬಂದ ಮೇಲೆ ಪೆಟ್ಟಿಗೆ ಎಚ್ಚರಗೊಂಡು ಒಂದನೆಯ ಫೈಲಿನಿಂದ ಶುರುಮಾಡಿ ಕೊನೆಯದರವರೆಗೆ ಹೊಸದಾಗಿ ಚೀಟಿ ಹಚ್ಚುತ್ತದೆ. ಕೊನೆಯದು ಹಚ್ಚಿ ಮುಗಿಯುವವರೆಗೆ ಊರಿನಲ್ಲಿ ಯಾವುದೂ ಯಾರಿಗೂ ತೆರೆಯುವುದಿಲ್ಲ. ಮುಗಿದ ಕೂಡಲೇ ಗಂಟೆ ಬಾರಿಸುತ್ತದೆ. ಅದಕ್ಕೆ ನಾವು ಪೆಟ್ಟಿಗೆ ಎದ್ದಿತು ಅನ್ನುತ್ತೇವೆ.

ನಾನು ಇಂದುಮತಿ, ಆ ಪೆಟ್ಟಿಗೆಯನ್ನು ನೋಡಿಕೊಳ್ಳುವವಳು. ಹತ್ತೊಂಬತ್ತು ವರ್ಷದ ಸರ್ವಿಸು. ಹೊಸ ವಸ್ತುಗಳನ್ನು ರಿಜಿಸ್ಟರಿಗೆ ಸೇರಿಸುವುದು, ಸತ್ತವರ ಹೆಸರನ್ನು ಚೀಟಿಗಳಿಂದ ತೆಗೆಯುವುದು, ಮನೆ ಪಾಲಾದಾಗ ಯಾವ ಬೀರು ಯಾವ ತಮ್ಮನದು ಎಂದು ಬರೆದುಕೊಳ್ಳುವುದು, ಇದು ನನ್ನ ಕೆಲಸ. ನನ್ನ ಕೋಣೆಗೆ ಮಾತ್ರ ಬಾಗಿಲಿಲ್ಲ. ಚೀಟಿ ಹಚ್ಚುವವನ ಬಾಗಿಲಿಗೆ ಚೀಟಿ ಹಚ್ಚುವವರು ಯಾರು ಎಂದು ಹಿಂದಿನವರು ಯೋಚಿಸಿ, ಉತ್ತರ ಹೊಳೆಯದೆ, ಬಾಗಿಲನ್ನೇ ಕಿತ್ತುಹಾಕಿದ್ದರಂತೆ.

ನನ್ನ ಗಂಡ ಕೊಟ್ರಬಸಪ್ಪನ ಕೆಲಸ ಗೋಪುರದಲ್ಲಿ. ಕಾಲುವೆಯ ಮೇಲೆ ಕರೆಂಟು ಹುಟ್ಟಿಸುವ ಚಕ್ರ ಇದೆಯಲ್ಲ, ಅದಕ್ಕೆ ಒತ್ತಿಕೊಂಡೇ ತೊಂಬತ್ತಾರು ಮೆಟ್ಟಿಲಿನ ಗೋಪುರ. ತುದಿಯಲ್ಲಿ ಒಂದು ಕೋಣೆ, ಒಂದು ಕಬ್ಬಿಣದ ಹಿಡಿ, ಒಂದು ತಾಸಿನ ಮರಳು ಗಡಿಯಾರ, ಗೋಡೆಗೆ ಒಂದು ಗಂಟೆ. ಪೆಟ್ಟಿಗೆ ಒಮ್ಮೊಮ್ಮೆ ಏಳುವಾಗ ನಡುವೆ ಮಂಕು ಹಿಡಿದು ನಿಂತುಬಿಡುವುದುಂಟು. ಆಗ ಅದನ್ನು ಆರಿಸಿ ಮತ್ತೆ ಹಚ್ಚಬೇಕು. ಅದಕ್ಕೇ ಆ ಹುದ್ದೆ. ಕರೆಂಟು ಬಂದ ಹತ್ತು ಸೆಕೆಂಡಿಗೆ ಪೆಟ್ಟಿಗೆ ಚೀಟಿ ಹಚ್ಚತೊಡಗುತ್ತದೆ, ಆ ಗಳಿಗೆಗೆ ಮರಳು ತಿರುಗಿಸಿಡಬೇಕು. ಮರಳು ಮುಗಿಯುವುದರೊಳಗೆ ಗಂಟೆ ಕೇಳಿಸಿದರೆ ಸರಿ. ಕೇಳಿಸದಿದ್ದರೆ ಹಿಡಿ ಎಳೆಯಬೇಕು. ಎಳೆದರೆ ಕರೆಂಟು ಹೋಗಿ ಬರುತ್ತದೆ, ಪೆಟ್ಟಿಗೆ ಮೊದಲಿನಿಂದ ಶುರುಮಾಡುತ್ತದೆ. ಕಾವಲಿನವನಿಗೆ ಯಾರೂ ಕಿವಿಯೂದಬಾರದು ಎಂದು ಗೋಪುರದ ಬಾಗಿಲು ಒಳಗಿನಿಂದಲೂ ತೆರೆಯುವುದಿಲ್ಲ, ಹೊರಗಿನಿಂದಲೂ ತೆರೆಯುವುದಿಲ್ಲ, ಪೆಟ್ಟಿಗೆ ಎದ್ದ ಹೊರತು.

ಕೊಟ್ರಬಸಪ್ಪ ಆ ಕೆಲಸಕ್ಕೇ ಹುಟ್ಟಿದ ಮನುಷ್ಯ. ನಮ್ಮ ಮದುವೆಯಲ್ಲಿ ಪುರೋಹಿತರು ಮುಹೂರ್ತಕ್ಕೆ ಎರಡು ನಿಮಿಷ ತಡಮಾಡಿದ್ದಕ್ಕೆ ಅವರೇ ಎದ್ದುನಿಂತು ತಾಳಿ ಕೈಗೆತ್ತಿಕೊಂಡಿದ್ದರು. ಅನ್ನ ಬೇಯಲು ಇಷ್ಟು, ಸ್ನಾನಕ್ಕೆ ಇಷ್ಟು, ನನ್ನ ಮೇಲೆ ಸಿಟ್ಟಾದರೆ ಅದಕ್ಕೂ ಇಷ್ಟು ಎಂದು ಲೆಕ್ಕ. ಎರಡು ದಿನಕ್ಕಿಂತ ಹೆಚ್ಚು ಸಿಟ್ಟು ಇಟ್ಟುಕೊಂಡವರಲ್ಲ.

ಆ ದಿನ ಮಾತ್ರ ಸಿಟ್ಟು ಹೊಚ್ಚಹೊಸದಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ. ನಾನು ಬೆಲ್ಲದ ಡಬ್ಬಿಯ ಚೀಟಿಯಿಂದ ಅವರ ಹೆಸರನ್ನು ತೆಗೆದುಬಿಟ್ಟಿದ್ದೆ. ಹಿಂದಿನ ಸಂಜೆ ಡಬ್ಬಿಯ ಜೊತೆ ಅರ್ಧ ತಾಸು ಗುದ್ದಾಡಿ ವಿಷಯ ತಿಳಿದುಕೊಂಡಿದ್ದರು. ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ಒಂದು ಮಾತೂ ಆಡದೆ ಮಾತ್ರೆ ನುಂಗಿ, ನಾನು ಕಟ್ಟಿಕೊಟ್ಟ ರೊಟ್ಟಿ ಪಲ್ಯದ ಡಬ್ಬಿ ಹಿಡಿದು ಹೊರಟರು. ಮಾತ್ರೆ ತೆಗೆದುಕೊಂಡು ಒಂದು ತಾಸಿನೊಳಗೆ ಏನಾದರೂ ತಿನ್ನಲೇಬೇಕು, ತಿನ್ನದಿದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಎಂದು ಡಾಕ್ಟರು ನನ್ನೆದುರಿಗೇ ಎರಡೆರಡು ಸಲ ಹೇಳಿದ್ದರು. ಇವರು ದಿನಾ ಏಳಕ್ಕೆ ಸರಿಯಾಗಿ ಡಬ್ಬಿ ಬಿಚ್ಚುವವರು.

ಆರೂವರೆಗೆ ಕರೆಂಟು ಹೋಯಿತು. ಮಿಣುಕಲೂ ಇಲ್ಲ. ಚಕ್ರಕ್ಕೆ ಕಾಲುವೆಯ ಜೊಂಡು ಸಿಕ್ಕಿಕೊಂಡಿತ್ತಂತೆ. ಐದು ನಿಮಿಷಕ್ಕೆ ವಾಪಸು ಬಂತು. ನಾನು ಆಗಲೇ ಕಚೇರಿಯಲ್ಲಿದ್ದೆ. ಪರದೆಯ ಮೇಲೆ ಯಾವತ್ತಿನಂತೆ ಒಂದು ಪ್ರಶ್ನೆ ಮೂಡಿತು. 'ಚೀಟಿ ಹಚ್ಚಲೇ? ಹೌದು. ಬೇಡ.' ಹತ್ತು ಸೆಕೆಂಡಿನಲ್ಲಿ ಯಾರೂ ಏನೂ ಒತ್ತದಿದ್ದರೆ ಪೆಟ್ಟಿಗೆ ಹೌದು ಎಂದುಕೊಳ್ಳುತ್ತದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಬೇಡದ ಗುಂಡಿಯ ಮೇಲೆ ಧೂಳು ಕೂತು ಅಕ್ಷರವೇ ಕಾಣುತ್ತಿರಲಿಲ್ಲ.

ಏಳೂ ಮೂವತ್ತೈದಕ್ಕೆ ಪರದೆ ಕಪ್ಪಾಯಿತು. ಗಂಟೆಯಿಲ್ಲ. ಮತ್ತೆ ಪ್ರಶ್ನೆ. ಅಂದರೆ ಕೊಟ್ರಬಸಪ್ಪ ಹಿಡಿ ಎಳೆದಿದ್ದರು. ಪೆಟ್ಟಿಗೆ ನಡುವೆ ಎಲ್ಲೋ ನಿಂತಿರಬೇಕು ಅಂದುಕೊಂಡೆ. ಎಂಟೂ ಮೂವತ್ತೈದಕ್ಕೆ ಮತ್ತೆ ಪರದೆ ಕಪ್ಪು. ಮೂರನೆಯ ಸಲ ನಾನು ಕಣ್ಣು ಮಿಟುಕಿಸದೆ ಪರದೆ ನೋಡುತ್ತ ಕೂತೆ. ಪೆಟ್ಟಿಗೆ ಎಲ್ಲಿಯೂ ನಿಲ್ಲಲಿಲ್ಲ. ಸೆಕೆಂಡಿಗೆ ಮೂರು ಚೀಟಿಯಂತೆ ಪಾಪ ನಿಯತ್ತಾಗಿ ಹಚ್ಚುತ್ತಲೇ ಇತ್ತು. ಹತ್ತು ಸಾವಿರ ದಾಟಿತು. ಹತ್ತು ಸಾವಿರದ ಏಳುನೂರು. ಎಂಟುನೂರು. ಅಷ್ಟರಲ್ಲಿ ಕಪ್ಪು.

ರಿಜಿಸ್ಟರು ತೆಗೆದು ನೋಡಿದೆ. ಹಿಂದಿನ ತಿಂಗಳು ಪೆಟ್ಟಿಗೆ ಎದ್ದಾಗ ಊರಿನ ಫೈಲುಗಳು ಹತ್ತು ಸಾವಿರದ ಏಳುನೂರ ತೊಂಬತ್ತೆಂಟು. ಒಂದು ತಾಸಿಗೆ ಹಿಡಿಸುವುದು ಹತ್ತು ಸಾವಿರದ ಎಂಟುನೂರು. ನಾವು ಕೂದಲೆಳೆಯಲ್ಲಿ ಪಾರಾಗಿದ್ದೆವು, ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಸೋಮವಾರ ಅಂಬುಜಾಕ್ಷಮ್ಮ ಬಂದು ಹೊಸದಾಗಿ ನಲವತ್ತನಾಲ್ಕು ಉಪ್ಪಿನಕಾಯಿ ಭರಣಿಗಳನ್ನು ಬರೆಸಿ ಹೋಗಿದ್ದರು. ಮಿಡಿ, ಮಾವು, ನಿಂಬೆ, ಹೇರಳೆ, ಬೆಲ್ಲದ ಗುಳಂಬ, ಪ್ರತಿಯೊಂದಕ್ಕೂ ಬೇರೆ ಬೇರೆ ಚೀಟಿ. 'ನನ್ನ ಹೊರತು ಯಾರಿಗೂ ತೆರೆಯಬಾರದು, ಸೊಸೆ ಸತ್ಯಭಾಮೆಗೆ ಅಂತೂ ಮುಚ್ಚಳ ಅಲ್ಲಾಡಲೂಬಾರದು' ಎಂದು ನನ್ನ ಮೇಜಿನ ಮೇಲೆ ಬಾಗಿ ಬರೆಸಿದ್ದರು. ಈಗ ಮೊತ್ತ ಹತ್ತು ಸಾವಿರದ ಎಂಟುನೂರ ನಲವತ್ತೆರಡು. ನಲವತ್ತೆರಡು ಚೀಟಿ ಹೆಚ್ಚು. ಹದಿನಾಲ್ಕು ಸೆಕೆಂಡು.

ಪೆಟ್ಟಿಗೆ ಹುಷಾರಾಗಿತ್ತು. ಕೊಟ್ರಬಸಪ್ಪನೂ ಹುಷಾರಾಗಿದ್ದರು. ಇಬ್ಬರೂ ಅವರವರ ಕೆಲಸವನ್ನು ಒಂದಿಷ್ಟೂ ತಪ್ಪದೆ ಮಾಡುತ್ತಿದ್ದರು. ಹೀಗೇ ಬಿಟ್ಟರೆ ನಮ್ಮೂರು ಇನ್ನು ಏಳುವುದೇ ಇಲ್ಲ.

ನಾನು ಗೋಪುರದ ಕಡೆ ಓಡಿದೆ. ಬೆಳಗಿನ ಹೊತ್ತಾದ್ದರಿಂದ ಮನೆಗಳ ಬಾಗಿಲು ತೆರೆದೇ ಇದ್ದವು, ಬೀದಿಯಲ್ಲಿ ಊರಿಗೆ ಊರೇ ನಿಂತಿತ್ತು. ಒಬ್ಬರ ಮುಖದ ಮೇಲೆ ಸೋಪಿನ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಶಾಲೆಯ ಮಕ್ಕಳಿಗೆ ಬಾಗಿಲು ತೆರೆಯದೆ ಸ್ವರ್ಗ ಸಿಕ್ಕಿತ್ತು. ಪುರಸಭೆಯ ಅಧ್ಯಕ್ಷ ಮುಕುಂದಯ್ಯನವರು ಬೀರು ತೆರೆಯದ ಕಾರಣ ಹೆಂಡತಿಯ ಶಾಲು ಸುತ್ತಿಕೊಂಡು, ಅದು ತನ್ನದೇ ಎನ್ನುವ ಗತ್ತಿನಲ್ಲಿ ಕಟ್ಟೆಯ ಮೇಲೆ ಕೂತಿದ್ದರು. ನಾನು ನಡೆದದ್ದನ್ನು ಹೇಳಿದೆ. ಕೇಳಿದ ಕೂಡಲೇ ಎಲ್ಲರೂ ಗೋಪುರದ ಕೆಳಗೆ ಸೇರಿ ತಲೆಯೆತ್ತಿ ಕೂಗಿದರು. ಚಕ್ರದ ಮೊರೆತದಲ್ಲಿ ನಮ್ಮ ಕೂಗು ನಮಗೇ ಕೇಳಿಸಲಿಲ್ಲ. ಯಾರೋ ಕಲ್ಲಿನಿಂದ ಕಂಬ ಬಡಿದರು. ಯಾರೋ ಇದ್ದಿಲು ತಂದು ಗೋದಾಮಿನ ಸುಣ್ಣದ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ 'ಎಳೆಯಬೇಡ' ಎಂದು ಬರೆದರು. ಚೆನ್ನಾಗಿಯೇ ಬರೆದಿದ್ದರು. ಆದರೆ ಮೇಲಿನ ಕಿಟಕಿಯಲ್ಲಿ ಕೊಟ್ರಬಸಪ್ಪನ ಮುಖ ಕಾಣಿಸಿದಾಗ ನೋಡಿದರೆ, ಮೂಗಿನ ಮೇಲೆ ಕನ್ನಡಕ ಇರಲಿಲ್ಲ. ಗೋಪುರ ಹತ್ತಿದ ಕೂಡಲೇ ಅದನ್ನು ಒರೆಸಿ, ಡಬ್ಬಿಯಲ್ಲಿಟ್ಟು, ಐದು ನಿಮಿಷ ಕಣ್ಣು ಮುಚ್ಚುವುದು ಅವರ ಪದ್ಧತಿ. ಕನ್ನಡಕದ ಡಬ್ಬಿಗೂ ಚೀಟಿ ಉಂಟು. ಕನ್ನಡಕವಿಲ್ಲದಿದ್ದರೆ ಆ ಎತ್ತರದಿಂದ ಅವರಿಗೆ ಎಮ್ಮೆಯೂ ಒಂದೇ, ಮುಕುಂದಯ್ಯನವರೂ ಒಂದೇ.

'ಕೈ ಬೀಸಿ! ಬೇಡ ಅಂತ ಕೈ ಬೀಸಿ!' ಎಂದರು ಅಧ್ಯಕ್ಷರು. ಊರೆಲ್ಲ ಎರಡೂ ಕೈಯೆತ್ತಿ ಬೀಸಿತು. ಕೊಟ್ರಬಸಪ್ಪ ಕೆಳಗೆ ಏನೋ ಅಲ್ಲಾಡುವುದನ್ನು ಗಮನಿಸಿದರು. ಜನ ಕಷ್ಟದಲ್ಲಿದ್ದಾರೆ, ಬೇಗ ಏನಾದರೂ ಮಾಡು ಎನ್ನುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡರು. ಎದೆಯ ಮೇಲೆ ಕೈಯಿಟ್ಟು, ನಾನಿದ್ದೇನೆ ಹೆದರಬೇಡಿ ಎನ್ನುವ ಹಾಗೆ ತಲೆ ಬಾಗಿಸಿ ಒಳಗೆ ಹೋದರು. ಹತ್ತೂ ಮೂವತ್ತೈದಕ್ಕೆ ನಾಲ್ಕನೆಯ ಸಲ ಎಳೆದರು.

'ಹದಿನಾಲ್ಕು ಸೆಕೆಂಡು ಅಲ್ಲವೇನಮ್ಮಾ?' ಎಂದರು ಅಧ್ಯಕ್ಷರು. 'ಒಂದು ಸಲ ಕೆಮ್ಮಿದರೆ ಸಾಕಲ್ಲ. ಸೀನು ಬರಲಿ. ಒಂದು ಇರುವೆ ಕಚ್ಚಲಿ.'

'ಅವರು ಸೀನು ಬಂದರೂ ಹಿಡಿ ಎಳೆದ ಮೇಲೇ ಸೀನುವವರು' ಎಂದೆ.

ಆಮೇಲೆ ನಾನು ಮಾತ್ರೆಯ ವಿಷಯ ಹೇಳಿದೆ. ಆರಕ್ಕೆ ಮಾತ್ರೆ ನುಂಗಿದ್ದಾರೆ, ಬುತ್ತಿ ಬಿಚ್ಚಲು ಆಗಿರುವುದಿಲ್ಲ, ನಾಲ್ಕೂವರೆ ತಾಸಾಯಿತು, ಕೈ ನಡುಗಿ ಬೆವರಿ ಬಿದ್ದುಬಿಡುತ್ತಾರೆ ಎಂದೆ. ಜನ ಅಯ್ಯೋ ಪಾಪ ಎಂದರು. ಅಧ್ಯಕ್ಷರು ಮಾತ್ರ ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡು, ಹಿತವಾದ ದನಿಯಲ್ಲಿ, 'ಹಾಗಾದರೆ ಇಂದುಮತಿ, ಅವರು ಒಂದಿಷ್ಟು ಹೊತ್ತು ಹಾಗೇ ಒರಗಿಕೊಂಡರೆ ಹಿಡಿ ಎಳೆಯುವವರು ಇರುವುದಿಲ್ಲ ಅಲ್ಲವೇ? ಪೆಟ್ಟಿಗೆ ತಾನೇ ಎದ್ದುಬಿಡುತ್ತದೆ. ಬಾಗಿಲು ತೆರೆಯುತ್ತದೆ. ಆಗ ನಾವೆಲ್ಲ ಓಡಿಹೋಗಿ ನೋಡಿಕೊಂಡರಾಯಿತು' ಎಂದರು.

ಕೆಟ್ಟ ಮನುಷ್ಯರಲ್ಲ ಅವರು. ಶಾಲಿನೊಳಗೆ ಹಸಿವು ಕೂತಿತ್ತು, ಅಷ್ಟೇ. ಆದರೆ ಸುತ್ತ ನಿಂತವರಲ್ಲಿ ನಾಲ್ಕಾರು ತಲೆ ಮೆಲ್ಲಗೆ ಹೌದೆನ್ನುವ ಹಾಗೆ ಆಡಿದ್ದನ್ನು ನಾನು ನೋಡಿದೆ. ಅವರ ಹೆಸರು ಇವತ್ತಿಗೂ ನೆನಪಿದೆ.

'ಇನ್ನೊಂದು ದಾರಿ ಇದೆ' ಎಂದೆ. 'ಪೆಟ್ಟಿಗೆ ಕೇಳಿದಾಗ ಬೇಡ ಅಂತ ಒತ್ತುತ್ತೇನೆ.'

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಚೀಟಿ ಹಚ್ಚುವುದು ಬೇಡ ಎಂದರೆ ಪೆಟ್ಟಿಗೆ ಒಂದೇ ನಿಮಿಷದಲ್ಲಿ ಏಳುತ್ತದೆ. ಯಾವ ಮುಚ್ಚಳವನ್ನೂ ಹಿಡಿದುಕೊಳ್ಳುವುದಿಲ್ಲ. ಊರಿನಲ್ಲಿರುವುದೆಲ್ಲ ಊರಿನವರೆಲ್ಲರಿಗೂ ತೆರೆಯುತ್ತದೆ.

ಆಮೇಲೆ ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟರು. ಮೇಷ್ಟ್ರು ಚೆನ್ನವೀರಯ್ಯನವರು ಪರೀಕ್ಷೆಯ ಪ್ರಶ್ನೆಪತ್ರಿಕೆ ಬೀರುವಿನಲ್ಲಿದೆ ಎಂದರು. ಒಬ್ಬಾಕೆ, ನಮ್ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಆದರೆ ಏನೂ ಇಲ್ಲ ಅಂತ ಪಕ್ಕದ ಮನೆಯವರಿಗೆ ಗೊತ್ತಾಗಬಾರದು ಎಂದು ಅಳುವುದಕ್ಕೇ ಶುರುಮಾಡಿದರು. ಅಂಬುಜಾಕ್ಷಮ್ಮ ತಮ್ಮ ಸೊಸೆಯನ್ನು ಒಮ್ಮೆ ನೋಡಿ, 'ನನ್ನ ಹೆಣದ ಮೇಲೆ' ಎಂದರು. ಅಧ್ಯಕ್ಷರು ಎದ್ದುನಿಂತು, 'ಇದಕ್ಕೆ ಪುರಸಭೆಯ ಒಪ್ಪಿಗೆ ಬೇಕು. ಸಭೆ ಕರೆಯಬೇಕು. ಸಭೆಯ ಕೋಣೆ ಈಗ ತೆರೆಯುವುದಿಲ್ಲ' ಎಂದರು.

'ಹಸಿದುಕೊಂಡೇ ಇರುತ್ತೀರಾ?' ಎಂದೆ.

'ಸಂಜೆವರೆಗೆ ನೋಡೋಣ' ಎಂದು ಹತ್ತಾರು ದನಿ ಬಂದವು.

ಆಗಲೇ ಯಾರೋ ಮೇಲಕ್ಕೆ ಕೈ ತೋರಿಸಿದರು. ಕೊಟ್ರಬಸಪ್ಪ ಮತ್ತೆ ಕಿಟಕಿಗೆ ಬಂದಿದ್ದರು. ಗಾಜಿಗೆ ಹಣೆ ಒತ್ತಿಕೊಂಡು ನಿಂತಿದ್ದರು. ನಿಂತವರು ನಿಂತ ಹಾಗೇ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಜಾರಿದರು. ಗಾಜಿನ ಮೇಲೆ ಹಣೆಯ ಬೆವರಿನ ಗೆರೆ ಮಾತ್ರ ಉಳಿಯಿತು.

ನಾನು ಕಚೇರಿಗೆ ಹೊರಟೆ. ಹಿಂದೆ ಅಧ್ಯಕ್ಷರು, ಮೇಷ್ಟ್ರು, ಇನ್ನೊಂದಿಷ್ಟು ಜನ. ಪರದೆಯಲ್ಲಿ ಚೀಟಿಗಳು ಓಡುತ್ತಿದ್ದವು. ಹನ್ನೊಂದೂ ಇಪ್ಪತ್ತಾಗಿತ್ತು. ನಾನು ಸ್ಟೂಲಿನ ಮೇಲೆ ಕೂತು ಸೆರಗಿನ ತುದಿಯಿಂದ ಬೇಡದ ಗುಂಡಿಯ ಧೂಳು ಒರೆಸಿದೆ. ನನ್ನ ಮನಸ್ಸಿನಲ್ಲಿ ಎರಡು ಆಸೆ ಒಂದನ್ನೊಂದು ಗುದ್ದುತ್ತಿದ್ದವು. ಅವರು ಹಿಡಿ ಎಳೆಯದಿದ್ದರೆ ಊರು ತಾನಾಗಿ ಏಳುತ್ತದೆ, ನಾನು ಯಾರ ಮಾತನ್ನೂ ಮೀರಬೇಕಿಲ್ಲ. ಆದರೆ ಎಳೆಯದಿದ್ದರೆ ಅವರ ಕೈಗೆ ಎಳೆಯುವ ಶಕ್ತಿ ಉಳಿದಿಲ್ಲ ಎಂದು ಅರ್ಥ. ಎಳೆಯಲಿ ದೇವರೇ, ಎಳೆಯಲಿ ಎಂದು ಬೇಡಿಕೊಂಡೆ. ಊರಿನಲ್ಲಿ ಹಾಗೆ ಬೇಡಿಕೊಳ್ಳುತ್ತಿದ್ದವಳು ನಾನೊಬ್ಬಳೇ ಇರಬೇಕು.

ಹನ್ನೊಂದೂ ಮೂವತ್ತೈದಕ್ಕೆ, ಒಂದು ಸೆಕೆಂಡೂ ಆಚೀಚೆ ಆಗದೆ, ಪರದೆ ಕಪ್ಪಾಯಿತು. ನನ್ನ ಗಂಡ ಬದುಕಿದ್ದರು.

'ಚೀಟಿ ಹಚ್ಚಲೇ?'

'ಇಂದುಮತಿ, ಯೋಚನೆ ಮಾಡು' ಎಂದರು ಅಧ್ಯಕ್ಷರು. 'ಊರಿಗೆ ಊರೇ ಬಾಯಿ ತೆರೆದುಕೊಂಡು ಕೂತರೆ ಮಾನ ಉಳಿಯುತ್ತದೆಯೇ?'

ನಾನು ಒತ್ತಿದೆ. ಗುಂಡಿ ಒಳಗೆ ಹೋಗಲಿಲ್ಲ. ಹತ್ತೊಂಬತ್ತು ವರ್ಷದ ಧೂಳು, ತುಕ್ಕು. ಹೆಬ್ಬೆರಳು ಹಾಕಿ ಒತ್ತಿದೆ, ಇಲ್ಲ. ಪರದೆಯಲ್ಲಿ ನಾಲ್ಕು, ಮೂರು ಎಂದು ಇಳಿಯುತ್ತಿತ್ತು. ಕಾಲಿನಿಂದ ಚಪ್ಪಲಿ ತೆಗೆದು ಅದರ ಹಿಮ್ಮಡಿಯಿಂದ ಒಂದು ಬಿಗಿದೆ. ಟಕ್ ಎಂದಿತು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗಂಟೆ. ಗಂಟೆಯ ಹಿಂದೆಯೇ ಊರಿನ ತುಂಬ ಒಂದು ಸದ್ದು. ಹತ್ತು ಸಾವಿರ ಮುಚ್ಚಳಗಳು ಒಟ್ಟಿಗೇ ಸಡಿಲವಾದರೆ ಯಾವ ಸದ್ದು ಬರುತ್ತದೋ ಅದು. ಊರು ಬಿಗಿಹಿಡಿದ ಉಸಿರನ್ನು ಬಿಟ್ಟ ಹಾಗೆ ಕೇಳಿಸಿತು ನನಗೆ. ಮರುಕ್ಷಣ ಅಧ್ಯಕ್ಷರು, ಮೇಷ್ಟ್ರು, ಊರಿನ ಸಮಸ್ತರೂ ತಂತಮ್ಮ ಮನೆಯ ಕಡೆಗೆ ಓಡಿದರು. ತಿನ್ನುವುದಕ್ಕಲ್ಲ, ತಮ್ಮ ತಮ್ಮ ಬೀರುಗಳ ಮುಂದೆ ಅಡ್ಡ ನಿಲ್ಲುವುದಕ್ಕೆ.

ನಾನು ಗೋಪುರದ ಕಡೆ ಓಡಿದೆ. ಅರ್ಧ ದಾರಿಯಲ್ಲಿ ನೆನಪಾಯಿತು, ಕೈಯಲ್ಲಿ ಸಿಹಿ ಏನೂ ಇಲ್ಲ. ಅವರಿಗೆ ಈಗ ರೊಟ್ಟಿ ಅಗಿಯುವ ತ್ರಾಣವೂ ಇರುವುದಿಲ್ಲ. ಎದುರಿಗೇ ಅಂಬುಜಾಕ್ಷಮ್ಮನ ಮನೆ. ಅವರು ಅಟ್ಟದ ಏಣಿಯ ಬುಡದಲ್ಲಿ ಸೌಟು ಹಿಡಿದು ನಿಂತಿದ್ದರು, ಸತ್ಯಭಾಮೆ ಐದು ಮಾರು ದೂರದಲ್ಲಿ ನಿಂತು ಏಣಿಯನ್ನೇ ನೋಡುತ್ತಿದ್ದಳು. 'ಅಮ್ಮಾ, ಗುಳಂಬ!' ಎಂದು ಕಿರುಚಿದೆ. ಆ ಹೆಂಗಸು ನನ್ನ ಮುಖ ನೋಡಿದರು. ಸೌಟನ್ನು ಸೊಸೆಯ ಕೈಗೆ ಕೊಟ್ಟು, 'ಯಾರನ್ನೂ ಹತ್ತಿಸಬೇಡ' ಎಂದು ಹೇಳಿ, ಅರವತ್ತೆಂಟು ವರ್ಷದ ಮೊಣಕಾಲಿನಲ್ಲಿ ಅಟ್ಟ ಹತ್ತಿ ಇಳಿದು ಭರಣಿಯನ್ನು ನನ್ನ ಕಂಕುಳಿಗೆ ತುರುಕಿದರು.

ಗೋಪುರದ ಬಾಗಿಲು ತಳ್ಳಿದರೆ ತೆರೆಯಿತು. ತೊಂಬತ್ತಾರು ಮೆಟ್ಟಿಲನ್ನು ನಾನು ಹೇಗೆ ಹತ್ತಿದೆನೋ. ಮೇಲೆ ಕೊಟ್ರಬಸಪ್ಪ ನೆಲದ ಮೇಲೆ ಕೂತಿದ್ದರು. ಅಂಗಿ ಒದ್ದೆ, ತುಟಿ ಬಿಳಿ. ಎದುರಿಗೆ ಮರಳು ಗಡಿಯಾರ. ಒಂದು ಕೈ ಹಿಡಿಯ ಮೇಲೆ ನಡುಗುತ್ತಿತ್ತು.

'ಗಂಟೆ ಆಗಲೇ ಹೊಡೆಯಿತು' ಎಂದರು, ನನ್ನನ್ನಲ್ಲ, ಗೋಡೆಯನ್ನು ನೋಡಿಕೊಂಡು. ನಾಲಿಗೆ ತೊದಲುತ್ತಿತ್ತು. 'ಒಂದು ನಿಮಿಷಕ್ಕೆ ಗಂಟೆ. ಸುಳ್ಳು ಗಂಟೆ. ಪೆಟ್ಟಿಗೆಗೆ ಹುಚ್ಚು ಹಿಡಿದಿದೆ. ಆರಿಸಬೇಕು.'

ಕೈ ಹಿಡಿಯನ್ನು ಎಳೆಯತೊಡಗಿತು. ನಾನು ಭರಣಿ ಸಮೇತ ಅವರ ಮೇಲೆಯೇ ಬಿದ್ದೆ. ಮಣಿಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಗುಳಂಬವನ್ನು ಬಾಚಿ ಬಾಯಿಗೆ ತುರುಕಿದೆ. ಕೊಸರಾಡಿದರು. ಇನ್ನೊಂದು ತುತ್ತು ತುರುಕಿದೆ. ಗಲ್ಲ, ಮೀಸೆ, ಅಂಗಿಯ ಕಾಲರು ಎಲ್ಲ ಬೆಲ್ಲ ಮಾವಿನ ಪಾಕ. ಹತ್ತು ನಿಮಿಷದಲ್ಲಿ ನಡುಕ ನಿಂತಿತು. ಕಣ್ಣಿಗೆ ಬೆಳಕು ಬಂತು. ತುಟಿ ನೆಕ್ಕಿಕೊಂಡು ನನ್ನನ್ನು ಗುರುತು ಹಿಡಿದು ಅವರು ಆಡಿದ ಮೊದಲ ಮಾತು, 'ಸಕ್ಕರೆ ಕಾಯಿಲೆಯವನಿಗೆ ಇದನ್ನು ಕೊಡಬಹುದೇ?'

ನಾನು ಅತ್ತೆನೋ ನಕ್ಕೆನೋ ನನಗೆ ಗೊತ್ತಿಲ್ಲ. ಕನ್ನಡಕ ತೆಗೆದುಕೊಟ್ಟೆ. ಕಿಟಕಿಯಿಂದ ಗೋದಾಮಿನ ಗೋಡೆ ನೋಡಿದರು. 'ಎಳೆಯಬೇಡ' ಎಂದು ಗಟ್ಟಿಯಾಗಿ ಓದಿದರು.

'ನಾನು ನಿನ್ನನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ' ಎಂದರು. 'ಕೆಳಗೆ ಪೆಟ್ಟಿಗೆ ಕೆಟ್ಟಿದೆ, ನೀನು ಒಬ್ಬಳೇ ಒದ್ದಾಡುತ್ತಿದ್ದೀಯ, ನಾನು ಹೊತ್ತಿಗೆ ಸರಿಯಾಗಿ ಎಳೆದರೆ ನಿನಗೆ ಅನುಕೂಲ ಅಂತ.'

'ಹದಿನಾಲ್ಕು ಸೆಕೆಂಡು ಸೋಮಾರಿ ಆಗಿದ್ದರೆ ಸಾಕಿತ್ತು' ಎಂದೆ.

'ಅದೊಂದು ನನಗೆ ಬರುವುದಿಲ್ಲವಲ್ಲೇ' ಎಂದರು.

ಆಮೇಲೆ ಎಂಟು ದಿನ ಊರು ಚೀಟಿಯಿಲ್ಲದೆ ಇತ್ತು. ಮೊದಲ ದಿನ ಜನ ತಂತಮ್ಮ ಪೆಟಾರಿಗಳ ಮೇಲೇ ಕೂತು ಉಂಡರು. ಎರಡನೆಯ ದಿನ ಕೂತು ಕೂತು ಬೆನ್ನು ನೋವು ಬಂತು. ಮೂರನೆಯ ದಿನ ಒಬ್ಬರ ಮನೆಯ ಸಾರಿನ ಪುಡಿ ಇನ್ನೊಬ್ಬರ ಮನೆಯಲ್ಲಿ ಘಮಘಮಿಸಿತು, ಜಗಳವೂ ಆಯಿತು, ಜಗಳದ ನಡುವೆ ಪುಡಿಗೆ ಎಷ್ಟು ಕೊತ್ತಂಬರಿ ಹಾಕಬೇಕು ಎನ್ನುವ ಮಾತೂ ಬಂತು. ಮೇಷ್ಟ್ರ ಪ್ರಶ್ನೆಪತ್ರಿಕೆಯನ್ನು ಮಕ್ಕಳು ನೋಡಿದರು. ನೋಡಿಯೂ ಅರ್ಧಕ್ಕರ್ಧ ಫೇಲಾದರು. ಮೇಷ್ಟ್ರಿಗೆ ಅದರಿಂದ ಚೇತರಿಸಿಕೊಳ್ಳಲು ಬಹಳ ದಿನ ಬೇಕಾಯಿತು.

ಆ ಎಂಟು ದಿನವೂ ನಾನು ಕಚೇರಿಯಲ್ಲಿ ಕೂತು ಪೆಟ್ಟಿಗೆಯ ಅಭ್ಯಾಸ ಬದಲಿಸಿದೆ. ಕರೆಂಟು ಹೋದಾಗಲೆಲ್ಲ ಎಲ್ಲಕ್ಕೂ ಹೊಸದಾಗಿ ಹಚ್ಚುವುದೇಕೆ? ಕುಂಬಾರ ಭರಣಿ ಮಾಡುವಾಗಲೇ, ಬಡಗಿ ಬೀರು ಜೋಡಿಸುವಾಗಲೇ, ಫೈಲು ಬರೆದು ಉದುರದ ಹಾಗೆ ಚೀಟಿ ಅಂಟಿಸಿಬಿಟ್ಟರಾಯಿತು. ಪೆಟ್ಟಿಗೆ ಏಳುವಾಗ, ಹಿಂದಿನ ಸಲದಿಂದ ಏನು ಬದಲಾಗಿದೆ ಎಂದು ಮಾತ್ರ ನೋಡಿ ಅದಕ್ಕಷ್ಟೇ ಹಚ್ಚಲಿ. ಜೊತೆಗೆ ಹಚ್ಚುತ್ತಿರುವಾಗ ಐದು ನಿಮಿಷಕ್ಕೊಮ್ಮೆ ಗೋಪುರದ ಗಂಟೆಯನ್ನು ಮೆಲ್ಲಗೆ ಒಂದು ಸಲ ತಟ್ಟಲಿ, ನಾನು ಸತ್ತಿಲ್ಲ, ಕೆಲಸದಲ್ಲಿದ್ದೇನೆ ಎಂದು. ಅಂಥ ತಟ್ಟು ಕೇಳಿಸಿದಾಗಲೆಲ್ಲ ಮರಳನ್ನು ತಿರುಗಿಸಿ ಮೊದಲಿನಿಂದ ಇಡಬೇಕು ಎಂದು ಕಾವಲಿನ ನಿಯಮದಲ್ಲೂ ಸೇರಿಸಿದೆವು. ಆ ಸಾಲನ್ನು ಕೊಟ್ರಬಸಪ್ಪ ತಾವೇ ದುಂಡಗೆ ಬರೆದರು.

ಒಂಬತ್ತನೆಯ ದಿನ ಪುರಸಭೆಯ ಸಭೆ ಸೇರಿತು. ಊರು ಉಳಿಯಿತು ಎಂದು ಒಪ್ಪಿದರು. ಆದರೆ ನಾನು ಒಪ್ಪಿಗೆಯಿಲ್ಲದೆ ಗುಂಡಿ ಒತ್ತಿದ್ದು, ಅದೂ ಚಪ್ಪಲಿಯಿಂದ ಒತ್ತಿದ್ದು, ಶಿಸ್ತಿನ ಉಲ್ಲಂಘನೆ ಎಂದರು. ಕೊಟ್ರಬಸಪ್ಪನದ್ದೂ ತಪ್ಪು ಎಂದರು. ಯಾವ ತಪ್ಪು ಎಂದು ಅವರು ಕೇಳಿದಾಗ ಯಾರಿಗೂ ತಕ್ಷಣ ಹೇಳಲಾಗಲಿಲ್ಲ. ತಾಸುಗಟ್ಟಲೆ ಚರ್ಚಿಸಿ, ಇಬ್ಬರಿಗೂ ಶಿಕ್ಷೆಯಾಗಿ ಹುದ್ದೆ ಅದಲುಬದಲು ಮಾಡಿದರು. ಅವರು ಪೆಟ್ಟಿಗೆಗೆ, ನಾನು ಗೋಪುರಕ್ಕೆ.

ನನಗೆ ಒಳಗೊಳಗೇ ನಗು ಬಂದಿತ್ತು. ಮರಳು ನೋಡುವುದೂ ಒಂದು ಕೆಲಸವೇ ಎಂದು ನಾನು ಎಷ್ಟೋ ಸಲ ಅವರನ್ನು ಚುಚ್ಚಿದ್ದೆ.

ನಾನು ಗೋಪುರ ಹತ್ತಿದ ಹತ್ತನೆಯ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಮರಳನ್ನು ತಿರುಗಿಸಿಟ್ಟೆ. ಹೊಸ ಏರ್ಪಾಡಿನಲ್ಲಿ ಪೆಟ್ಟಿಗೆ ಐದಾರು ನಿಮಿಷದಲ್ಲಿ ಏಳಬೇಕು, ನಾನೇ ಮಾಡಿದ್ದು, ನನಗೆ ಗೊತ್ತು. ಆದರೂ ಮರಳು ಬೀಳುತ್ತಿತ್ತು. ಚಕ್ರದ ಮೊರೆತ ಬಿಟ್ಟರೆ ಬೇರೆ ಸದ್ದಿಲ್ಲ. ಕೆಳಗೆ ಊರು ಕಾಣುತ್ತಿತ್ತು, ಆದರೆ ಯಾರ ಮುಖವೂ ಕಾಣುತ್ತಿರಲಿಲ್ಲ. ಅವರು ಗೂಡಿನ ಮುಂದೆ ಕೂತು ಪರದೆ ನೋಡುತ್ತಿರಬಹುದು. ಪರದೆ ನಿಂತುಹೋಗಿದ್ದರೆ? ನಾನು ಬರೆದದ್ದರಲ್ಲೇ ಏನಾದರೂ ತಪ್ಪಿದ್ದರೆ? ಅವರಿಗೆ ಕೇಳಲು ಯಾರೂ ಇಲ್ಲ, ನನಗೆ ಹೇಳಲು ಯಾರೂ ಇಲ್ಲ. ಮೂರು ನಿಮಿಷಕ್ಕೆ ನನ್ನ ಕೈ ತಾನಾಗಿಯೇ ಹಿಡಿಯ ಮೇಲೆ ಹೋಗಿ ಕೂತಿತ್ತು. ಐದಕ್ಕೆ ಗಂಟೆ ಮೆಲ್ಲಗೆ ಒಂದು ಸಲ ತಟ್ಟಿತು. ನಿಯಮದಂತೆ ಮರಳನ್ನು ತಿರುಗಿಸಿದೆ. ಸ್ವಲ್ಪ ಹೊತ್ತಿಗೇ ಪೂರ್ತಿ ಗಂಟೆ ಹೊಡೆಯಿತು. ನಾನು ಒಂದೊಂದೇ ಮೆಟ್ಟಿಲು ಎಣಿಸುತ್ತ ಇಳಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೊಟ್ರಬಸಪ್ಪ ತಲೆಯೆತ್ತದೆ ಅನ್ನ ಕಲಸುತ್ತ, 'ಹೇಗಿತ್ತು ಮೇಲೆ?' ಎಂದು ಕೇಳಿದರು.

'ಗಾಳಿ ಚೆನ್ನಾಗಿ ಬರುತ್ತದೆ' ಎಂದೆ.

ಅವರು ನನ್ನ ಕೈಯನ್ನು ನೋಡಿದರು. ಸಾರು ಬಡಿಸುವ ಸೌಟು ಬಟ್ಟಲಿನ ಅಂಚಿಗೆ ಕಟಕಟ ಎನ್ನುತ್ತಿತ್ತು. ಸೌಟನ್ನು ನನ್ನಿಂದ ತೆಗೆದುಕೊಂಡು, ಆ ದಿನ ಅವರೇ ಬಡಿಸಿದರು.